ನಾಯಕನ ಚಾರಿತ್ರ್ಯಕ್ಕೆ ಜಾಮೀನು ಯಾರು?

ಚುನಾವಣೆ ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಕೆಲವು ಪ್ರಶ್ನೆಗಳು ತಪ್ಪದೆ ಕೇಳಿ ಬರುತ್ತವೆ. ಅಭ್ಯರ್ಥಿ ಯಾವ ಪಕ್ಷದವನು? ಯಾವ ಜಾತಿಯವನು? ಎಷ್ಟು ಖರ್ಚು ಮಾಡಬಲ್ಲ? ಮೇಲಿನವರ ಬಳಿ ಅವನ ಮಾತು ಎಷ್ಟು ನಡೆಯುತ್ತದೆ? ರೋಣದ ಚಹಾದಂಗಡಿಗಳಿಂದ ಹಿಡಿದು ಗಜೇಂದ್ರಗಡದ ನೇಕಾರರ ಓಣಿಯವರೆಗೂ ಇವೇ ಪ್ರಶ್ನೆಗಳು. ವಿಧಾನಸಭೆಯ ಚುನಾವಣೆಯಿರಲಿ, ಪುರಸಭೆಯದಿರಲಿ, ಊರಿನ ಅಂಜುಮನ್ ಸಮಿತಿಯದೇ ಇರಲಿ, ಲೆಕ್ಕಾಚಾರದಲ್ಲಿ ವ್ಯತ್ಯಾಸವಿಲ್ಲ. ಕೇಳದೆ ಉಳಿಯುವುದು ಒಂದೇ ಒಂದು ಪ್ರಶ್ನೆ: ಈ ಮನುಷ್ಯ ನಂಬಿಕೆಗೆ ಅರ್ಹನೇ?

ಯಾರಾದರೂ ಆ ಪ್ರಶ್ನೆಯನ್ನು ಎತ್ತಿದರೆ ಸುತ್ತಲಿದ್ದವರು ಮುಗುಳ್ನಗುತ್ತಾರೆ. ರಾಜಕೀಯದಲ್ಲಿ ನೀತಿಯನ್ನು ಹುಡುಕುವುದು ಮರಳಿನಲ್ಲಿ ಎಣ್ಣೆ ಹಿಂಡಿದಂತೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನುಷ್ಯ ಹೇಗಾದರೂ ಇರಲಿ, ನಮ್ಮ ಕೆಲಸ ಮಾಡಿಸಿಕೊಟ್ಟರೆ ಸಾಕು ಎಂಬುದು ಈ ಕಾಲದ ಜಾಣತನವೆನಿಸಿಕೊಂಡಿದೆ. ಈ ಜಾಣತನವೇ ನಮ್ಮ ಊರುಗಳನ್ನೂ ನಮ್ಮ ಸಮುದಾಯವನ್ನೂ ಹಾಳುಗೆಡವಿದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಚಾರಿತ್ರ್ಯವು ನಾಯಕತ್ವಕ್ಕೆ ತೊಡಿಸುವ ಆಭರಣವಲ್ಲ, ಅದರ ಅಡಿಪಾಯ. ಅದು ಇಲ್ಲದ ಕಡೆ ದಕ್ಷತೆಯೂ, ವಾಕ್ಚಾತುರ್ಯವೂ, ಜನಬಲವೂ ಜನರ ವಿರುದ್ಧವೇ ತಿರುಗುತ್ತವೆ. ಇದಕ್ಕೆ ಸಾಕ್ಷ್ಯವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ತಾಲೂಕಿನಲ್ಲಿ, ನಮ್ಮ ಜಿಲ್ಲೆಯಲ್ಲಿ, ನಮ್ಮದೇ ಸಮುದಾಯದ ಕಹಿ ಅನುಭವದಲ್ಲಿ ಅದು ಬೇಕಾದಷ್ಟು ದೊರೆಯುತ್ತದೆ.

ಜಕ್ಕಲಿಯ ರಾಜೀನಾಮೆ

ರೋಣ ತಾಲೂಕಿನ ಜಕ್ಕಲಿ ದೊಡ್ಡ ಊರೇನಲ್ಲ. ಆದರೆ ಕರ್ನಾಟಕದ ಏಕೀಕರಣದ ಇತಿಹಾಸ ಬರೆಯುವವರು ಆ ಊರನ್ನು ಬಿಟ್ಟು ಮುಂದೆ ಹೋಗಲಾರರು. ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ಸದಸ್ಯರಾಗಿದ್ದರು. ಕನ್ನಡ ಮಾತನಾಡುವವರದೊಂದು ಪ್ರಾಂತವಾಗಬೇಕೆಂಬ ನಿರ್ಣಯವನ್ನು 1947ರಲ್ಲಿ ಆ ಸಭೆಯ ಮುಂದಿಟ್ಟವರೂ ಅವರೇ.

1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ ಆಂಧ್ರ ರಾಜ್ಯದ ಘೋಷಣೆಯಾಯಿತು. 1953ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಆಂಧ್ರಕ್ಕೆ ಬೆಂಬಲವಿತ್ತು ಕರ್ನಾಟಕದ ಬೇಡಿಕೆಯನ್ನು ಬದಿಗಿರಿಸಿತು. ದೊಡ್ಡಮೇಟಿಯವರು ಅದೇ ಪಕ್ಷದವರು. ಅಧಿಕಾರದಲ್ಲಿದ್ದುದೂ ಅದೇ ಪಕ್ಷ. ಸುಮ್ಮನಿದ್ದರೆ ಅವರ ಸ್ಥಾನಕ್ಕೆ ಯಾವ ಧಕ್ಕೆಯೂ ಇರಲಿಲ್ಲ. ನಾಯಕರ ಮನ ಒಲಿಸುತ್ತಿದ್ದೇವೆ, ಇನ್ನಷ್ಟು ಕಾಯಿರಿ ಎಂದು ಜನರಿಗೆ ಹೇಳುತ್ತಾ ಕಾಲ ತಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವಿಧಾನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ಜಕ್ಕಲಿಗೆ ಬಂದು ಉಪವಾಸ ಕುಳಿತರು. ಸುತ್ತಲಿನ ಜನ ಅವರ ಬೆನ್ನಿಗೆ ನಿಂತರು. ಆ ವರ್ಷ ಹುಬ್ಬಳ್ಳಿಯ ಬೀದಿಗಳಲ್ಲಿ ಕಂಡ ಜನಾಕ್ರೋಶ, ಅದರ ಬಳಿಕ ಬಿರುಸಾದ ಚಳವಳಿ, ಕೊನೆಗೆ 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಉದಯ, ಇವೆಲ್ಲವುಗಳ ಹಿಂದೆ ಜಕ್ಕಲಿಯ ಆ ನಿರ್ಧಾರದ ಪಾಲೂ ಇದೆ.

ಇದನ್ನು ನಾವು ನೆನಪಿಸುವುದು ಊರ ಹೆಮ್ಮೆಗಾಗಿ ಅಲ್ಲ. ಆ ರಾಜೀನಾಮೆಯ ಅರ್ಥವನ್ನು ಗಮನಿಸಬೇಕು. ಜನರು ನಂಬಿ ಒಪ್ಪಿಸಿದ ಸ್ಥಾನವು ಜನರ ಉದ್ದೇಶಕ್ಕೆ ಒದಗದೆ ಹೋದಾಗ, ಆ ಸ್ಥಾನವನ್ನು ಹಿಂದಿರುಗಿಸುವುದೇ ಪ್ರಾಮಾಣಿಕತೆ ಎಂದು ಅವರು ಭಾವಿಸಿದರು. ನಮ್ಮ ಭಾಷೆಯಲ್ಲಿ ಇದಕ್ಕೆ ಅಮಾನತ್ತು ಎನ್ನುತ್ತೇವೆ. ಒಬ್ಬರು ನಂಬಿ ನಮ್ಮ ಕೈಗಿತ್ತದ್ದು ನಮ್ಮ ಸೊತ್ತಾಗುವುದಿಲ್ಲ, ಅದು ಅವರದಾಗಿಯೇ ಉಳಿಯುತ್ತದೆ.

ಈ ರಾಜ್ಯ ಬೇರೆ ರೀತಿಯ ರಾಜೀನಾಮೆಗಳನ್ನೂ ಕಂಡಿದೆ. 2019ರ ಜುಲೈಯಲ್ಲಿ ರಾಜೀನಾಮೆ, ರೆಸಾರ್ಟ್ ವಾಸ ಮತ್ತು ಪಕ್ಷಾಂತರಗಳ ಸರಣಿಯಲ್ಲಿ ಸರಕಾರವೊಂದು ಉರುಳಿತು. 17 ಮಂದಿ ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ಎತ್ತಿಹಿಡಿದು, ಮರುಚುನಾವಣೆಯಲ್ಲಿ ಸ್ಪರ್ಧಿಸಲು ಮಾತ್ರ ಅವಕಾಶ ನೀಡಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರ ಪೈಕಿ ಹೆಚ್ಚಿನವರು ಗೆದ್ದರು. ಗೆದ್ದವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಸಚಿವರೂ ಆದರು. 1953ರ ರಾಜೀನಾಮೆ ಸ್ಥಾನವನ್ನು ಬಿಡುವುದಕ್ಕಾಗಿತ್ತು. 2019ರ ರಾಜೀನಾಮೆಗಳು ಎಲ್ಲಿಗೆ ಕೊಂಡೊಯ್ದವೆಂಬುದು ಎಲ್ಲರ ಕಣ್ಣೆದುರಿಗಿದೆ. ಎರಡಕ್ಕೂ ಕಾನೂನಿನ ಭಾಷೆಯಲ್ಲಿ ಒಂದೇ ಹೆಸರು. ಅವುಗಳನ್ನು ಬೇರ್ಪಡಿಸುವುದು ಚಾರಿತ್ರ್ಯವಲ್ಲದೆ ಇನ್ನೇನು? ಇನ್ನೊಂದು ಮಾತನ್ನೂ ಹೇಳಬೇಕು. ಅವರನ್ನು ಮತ್ತೆ ಗೆಲ್ಲಿಸಿದ್ದು ಯಾವ ಹೈಕಮಾಂಡೂ ಅಲ್ಲ, ಮತದಾರರೇ.

ಗುಣವನ್ನೇ ಅಡವಿಟ್ಟ ಊರು

ಚಾರಿತ್ರ್ಯ ಮನುಷ್ಯನ ಒಳಗಿನ ಸಂಗತಿ, ಅದನ್ನು ಅಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೂ ಉತ್ತರ ನಮ್ಮ ಗದಗ ಜಿಲ್ಲೆಯಲ್ಲಿದೆ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರ ಮೇ ತಿಂಗಳಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವೊಂದನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯ ಮೊದಲ ಪುಟದಲ್ಲಿರುವ ಹೆಸರು ಅದು. ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದು ಆಗ ಒಂದು ವರ್ಷವಷ್ಟೇ ಆಗಿತ್ತು. ಬಡ್ಡಿ ವ್ಯಾಪಾರಿಯ ಹಿಡಿತದಲ್ಲಿ ನಲುಗುತ್ತಿದ್ದ ರೈತನಿಗೆ ಸಾಲ ಕೊಡುವವರು ಯಾರು? ಅಡವಿಡಲು ಅವನಲ್ಲಿ ಏನಿದೆ? ಆ ಕಾಲದ ಗ್ರಾಮೀಣ ಸಂಘಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸರಳವಾಗಿತ್ತು. ಅವುಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಸದಸ್ಯ ಸಾಲ ತೀರಿಸದೆ ಹೋದರೆ ಉಳಿದವರೆಲ್ಲರೂ ತಮ್ಮ ಸ್ವಂತ ಆಸ್ತಿಯಿಂದ ಅದಕ್ಕೆ ಉತ್ತರಿಸಬೇಕಾಗಿತ್ತು. ಇಂಥ ವ್ಯವಸ್ಥೆಯಲ್ಲಿ ಹೊಸ ಸದಸ್ಯನನ್ನು ಸೇರಿಸಿಕೊಳ್ಳುವ ಮೊದಲು ಊರಿನವರು ಏನನ್ನು ನೋಡುತ್ತಿದ್ದರು? ಅವನ ಮನೆತನದ ಹಿರಿಮೆಯನ್ನಲ್ಲ, ಮಾತಿನ ಮೋಡಿಯನ್ನೂ ಅಲ್ಲ. ಅವನು ಕೊಟ್ಟ ಮಾತಿಗೆ ನಿಲ್ಲುವವನೇ, ದುಡಿಯುವವನೇ, ಕುಡಿತ-ಜೂಜಿಗೆ ಬಿದ್ದವನಲ್ಲ ತಾನೇ ಎಂದು ನೋಡುತ್ತಿದ್ದರು. ಮನುಷ್ಯನ ಗುಣವೇ ಅಲ್ಲಿ ಅಡವು, ನೆರೆಹೊರೆಯವರ ತಿಳಿವಳಿಕೆಯೇ ಅದರ ಮೌಲ್ಯಮಾಪನ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಚಾರಿತ್ರ್ಯ ಅಳೆಯಲಾಗದ ವಸ್ತುವಲ್ಲ. ಹತ್ತಿರದಿಂದ ವ್ಯವಹರಿಸಿದವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಎರಡನೆಯದು, ತಪ್ಪಿದರೆ ನಷ್ಟ ತನ್ನ ಮನೆಗೇ ತಟ್ಟುತ್ತದೆ ಎಂದು ತಿಳಿದಾಗ ಜನರು ತಪ್ಪದೆ ಅದನ್ನು ಅಳೆಯುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಮಗಳಿಗೆ ಸಂಬಂಧ ನೋಡುವಾಗ ಮೂರು ಊರುಗಳಲ್ಲಿ ವಿಚಾರಿಸುವ ನಾವು, ಐದು ವರ್ಷಗಳ ಅಧಿಕಾರವನ್ನು ಒಪ್ಪಿಸುವಾಗ ಮಾತ್ರ ಕಣ್ಣು ಮುಚ್ಚುವುದೇಕೆ? ನಷ್ಟ ಬೇರೆ ಯಾರಿಗೋ ಆಗುತ್ತದೆಂಬ ಭ್ರಮೆಯೇ ಇದಕ್ಕೆ ಕಾರಣ.

ಆ ಭ್ರಮೆ ಎಷ್ಟು ದುಬಾರಿಯೆಂಬುದು ಪಕ್ಕದ ನರಗುಂದಕ್ಕೆ ಗೊತ್ತು. ಮಲಪ್ರಭಾ ನೀರಾವರಿಯ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ರೈತರ ಮೇಲೆ ಹೇರಲಾಯಿತು. ನೀರಿನ ಪ್ರಯೋಜನ ಸರಿಯಾಗಿ ಕೈಗೆ ಸಿಗುವ ಮುನ್ನವೇ ಅದರ ಬೆಲೆಯನ್ನು ಕೇಳುತ್ತಿದ್ದಾರೆಂದು ರೈತರು ಗೋಗರೆದರು. ಆಳುವವರು ಕೇಳಿಸಿಕೊಳ್ಳಲಿಲ್ಲ. 1980ರ ಜುಲೈ 21ರಂದು ನರಗುಂದ ಹಾಗೂ ನವಲಗುಂದಗಳಲ್ಲಿ ಗೋಲಿಬಾರಾಯಿತು, ರೈತರ ಪ್ರಾಣ ಹೋಯಿತು. ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರ ಪ್ರಾಣವೂ ಹೋಯಿತು. ಅಲ್ಲಿಂದ ಎದ್ದ ಅಲೆ ರಾಜ್ಯದಾದ್ಯಂತ ರೈತ ಚಳವಳಿಯಾಗಿ ಹರಡಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಬಿದ್ದುಹೋಯಿತು. ಅಂದು ಕೊರತೆಯಾದದ್ದು ಇಂಜಿನಿಯರುಗಳ ಜ್ಞಾನವಲ್ಲ, ಖಜಾನೆಯ ಹಣವೂ ಅಲ್ಲ. ಜನರ ನೋವನ್ನು ತಾಳ್ಮೆಯಿಂದ ಕೇಳುವ ವಿನಯ ಮತ್ತು ನ್ಯಾಯಬುದ್ಧಿ. ಇವೂ ಚಾರಿತ್ರ್ಯದ ಅಂಗಗಳೇ. ಲಂಚ ತಿನ್ನದಿರುವುದೊಂದೇ ಚಾರಿತ್ರ್ಯವೆಂದು ತಿಳಿದವರು ಇದನ್ನು ಗಮನಿಸಬೇಕು.

ಉಡುಪನ್ನು ನಂಬಿ ಕೆಟ್ಟ ಕಥೆ

ಈಗ ನಮ್ಮ ಸಮುದಾಯದ ವಿಷಯಕ್ಕೆ ಬರೋಣ. ಇತರರ ತಪ್ಪುಗಳನ್ನು ಎಣಿಸುವುದು ಸುಲಭ. ಸುಧಾರಣೆ ಆರಂಭವಾಗಬೇಕಾದುದು ಮನೆಯಿಂದ.

ಚಾರಿತ್ರ್ಯವನ್ನು ನೋಡಬೇಕೆಂದು ಹೇಳಿದೊಡನೆ ನಮ್ಮಲ್ಲಿ ಹಲವರು ಗಡ್ಡವನ್ನು ನೋಡುತ್ತಾರೆ, ಟೊಪ್ಪಿಯನ್ನು ನೋಡುತ್ತಾರೆ, ಹಜ್ಜ್ ಮತ್ತು ಉಮ್ರಾಗಳ ಸಂಖ್ಯೆಯನ್ನು ಎಣಿಸುತ್ತಾರೆ. ಈ ನೋಟದ ಬೆಲೆಯನ್ನು ಸಮುದಾಯ ತೆತ್ತದ್ದು 2019ರ ಜೂನ್ ತಿಂಗಳಲ್ಲಿ. ಬೆಂಗಳೂರಿನಲ್ಲಿ ಮೊಹಮ್ಮದ್ ಮನ್ಸೂರ್ ಖಾನ್ 2006ರಲ್ಲಿ ಆರಂಭಿಸಿದ್ದ ಐಎಂಎ ಸಂಸ್ಥೆ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಸಾವಿರಾರು ಕುಟುಂಬಗಳಿಂದ ಹಣ ಸಂಗ್ರಹಿಸಿತ್ತು. ಬಡ್ಡಿಯಿಲ್ಲ, ಲಾಭದಲ್ಲಿ ಪಾಲು ಮಾತ್ರ ಎಂಬ ಭರವಸೆ. ಶಾಲೆಗೆ ನೆರವು, ಸಮಾಜಸೇವೆ, ಗಣ್ಯರೊಂದಿಗೆ ವೇದಿಕೆ, ಕೆಲವು ಧರ್ಮಬೋಧಕರ ಪ್ರೋತ್ಸಾಹದ ಮಾತು, ಎಲ್ಲವೂ ಜೊತೆಗಿದ್ದವು. ಆ ಜೂನ್‌ನಲ್ಲಿ ಮಾಲಿಕನೇ ದುಬೈಗೆ ಪರಾರಿಯಾದ. ಜುಲೈಯಲ್ಲಿ ದಿಲ್ಲಿಗೆ ಮರಳಿದಾಗ ಬಂಧನವಾಯಿತು. ಬಳಿಕ ತನಿಖೆ ಸಿಬಿಐ ಕೈಗೆ ಹೋಯಿತು. ದೂರು ಕೊಟ್ಟವರ ಸಂಖ್ಯೆ 40 ಸಾವಿರವನ್ನು ಮೀರಿತು. ಸಂಗ್ರಹಿಸಿದ ಮೊತ್ತ ಸುಮಾರು 4 ಸಾವಿರ ಕೋಟಿ ರೂಪಾಯಿಯೆಂದು ತನಿಖಾ ಸಂಸ್ಥೆಗಳು ಹೇಳಿದವು. ಹೊಸಬರಿಂದ ಬಂದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತಿತ್ತೆಂಬುದು ಆರೋಪ. ನಿವೃತ್ತಿಯ ಹಣ, ಮಗಳ ಮದುವೆಗೆ ಕೂಡಿಟ್ಟ ಚಿನ್ನ, ವಿಧವೆಯರ ಉಳಿತಾಯ, ಎಲ್ಲವೂ ಅದರಲ್ಲಿ ಸಿಕ್ಕಿಕೊಂಡವು.

ಹಣ ಹೂಡಿದ ಆ ಕುಟುಂಬಗಳು ಮೋಸಕ್ಕೊಳಗಾದವರು. ಅವರನ್ನು ನಾವು ದೂಷಿಸುವುದಿಲ್ಲ. ನಮ್ಮ ಪ್ರಶ್ನೆ ಸಮುದಾಯದ ಮುಂಚೂಣಿಯಲ್ಲಿ ಕುಳಿತವರಿಗೆ. ವೇದಿಕೆ ಹಂಚಿಕೊಂಡವರು, ಹೂಮಾಲೆ ಹಾಕಿದವರು, ದೇಣಿಗೆ ಪಡೆದವರು, ಈ ಲಾಭ ಎಲ್ಲಿಂದ ಬರುತ್ತಿದೆಯೆಂದು ಒಮ್ಮೆಯಾದರೂ ಕೇಳಿದರೇ? ಲೆಕ್ಕಪತ್ರ ನೋಡಿದರೇ?

ಹಝ್ರತ್ ಉಮರ್(ರ)ರವರ ಕುರಿತು ವರದಿಯಾದ ಘಟನೆಯೊಂದು ನಮ್ಮ ಮಸೀದಿಗಳಲ್ಲಿ ಆಗಾಗ ಕೇಳಿಬರುತ್ತದೆ. ಒಬ್ಬಾತ ಅವರ ಮುಂದೆ ಇನ್ನೊಬ್ಬನ ಸದ್ಗುಣಗಳನ್ನು ಹೊಗಳಿದ. ಉಮರ್(ರ) ಅವನಿಗೆ ಮೂರು ಪ್ರಶ್ನೆಗಳನ್ನು ಹಾಕಿದರು. ನೀನು ಅವನ ನೆರೆಯವನೇ? ಅವನೊಂದಿಗೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಅವನು ಮಸೀದಿಯಲ್ಲಿ ನಮಾಝ್ ಮಾಡುವುದನ್ನಷ್ಟೇ ನೀನು ನೋಡಿರಬೇಕು, ಅವನನ್ನು ನೀನು ಅರಿತಿಲ್ಲ ಎಂದರು ಖಲೀಫರು. ಕಣಗಿನಹಾಳದ ರೈತರೂ ಇದೇ ಪ್ರಶ್ನೆಗಳನ್ನು ತಮ್ಮ ರೀತಿಯಲ್ಲಿ ಕೇಳಿಕೊಂಡಿರಬೇಕು. ಬೆಂಗಳೂರಿನ ವೇದಿಕೆಗಳಲ್ಲಿ ಈ ಪ್ರಶ್ನೆಗಳನ್ನು ಕೇಳಬೇಕಾದವರು ಕೇಳಲಿಲ್ಲ. ವ್ಯತ್ಯಾಸ ಇಷ್ಟೇ.

ನಮಾಝ್ ಮತ್ತು ಉಪವಾಸಗಳ ಮಹತ್ವವನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಆರಾಧನೆಗಳು ಮನುಷ್ಯನನ್ನು ಪ್ರಾಮಾಣಿಕನನ್ನಾಗಿ ಮಾಡಬೇಕು. ಮಾಡಿವೆಯೋ ಇಲ್ಲವೋ ಎಂಬುದನ್ನು ಮಾತ್ರ ಮಸೀದಿಯ ಮೊದಲ ಸಾಲಿನಲ್ಲಿ ಅಲ್ಲ, ಅಂಗಡಿಯಲ್ಲಿ, ಕಚೇರಿಯಲ್ಲಿ, ಕೂಲಿಯವನಿಗೆ ಸಂಬಳ ಕೊಡುವ ಸಂಜೆಯಲ್ಲಿ ನೋಡಬೇಕು.

ವಕ್ಫ್: ಕೈಯಲ್ಲಿದ್ದ ಅಮಾನತ್ತು

ನಮ್ಮ ನಾಯಕತ್ವದ ಅತಿ ದೊಡ್ಡ ಪರೀಕ್ಷೆ ವಕ್ಫ್ ಆಸ್ತಿ. ಹಿಂದಿನವರು ಅಲ್ಲಾಹನ ಸಂಪ್ರೀತಿಗಾಗಿ ಬಿಟ್ಟುಹೋದ ಹೊಲ, ಮಳಿಗೆ, ನಿವೇಶನಗಳು ಅನಾಥರ, ವಿದ್ಯಾರ್ಥಿಗಳ, ಬಡವರ ಹಕ್ಕು. 2006ರ ನವೆಂಬರಿನಲ್ಲಿ ಸಾಚಾರ್ ಸಮಿತಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳ ಸಂಖ್ಯೆ 4.9 ಲಕ್ಷಕ್ಕೂ ಹೆಚ್ಚು. ಆದರೆ ಅವುಗಳ ವಾರ್ಷಿಕ ಆದಾಯ ಕೇವಲ 163 ಕೋಟಿ ರೂಪಾಯಿಯಷ್ಟಿತ್ತು. ಸರಿಯಾಗಿ ನಿರ್ವಹಿಸಿದರೆ ವರ್ಷಕ್ಕೆ 12 ಸಾವಿರ ಕೋಟಿ ರೂಪಾಯಿ ಬರಬಹುದೆಂದು ಸಮಿತಿ ಅಂದಾಜಿಸಿತು. ಈ ಅಂತರದ ಎಲ್ಲಾ ಹೊಣೆಯನ್ನೂ ಸರಕಾರದ ಮೇಲೆ ಹೊರಿಸಲಾದೀತೇ? ಸರಕಾರಿ ಇಲಾಖೆಗಳೇ ಒತ್ತುವರಿ ಮಾಡಿದ್ದು ನಿಜ. ಅದನ್ನೂ ಆ ವರದಿ ಹೇಳಿದೆ. ಆದರೆ ಪೇಟೆಯ ಮಳಿಗೆಯನ್ನು ನಾಮಮಾತ್ರದ ಬಾಡಿಗೆಗೆ ಹಿಡಿದು ದಶಕಗಟ್ಟಲೆ ಬಿಡದಿರುವವರು, ತಂದೆಯಿಂದ ಮಗನಿಗೆ ಮುತವಲ್ಲಿ ಹುದ್ದೆಯನ್ನು ಆಸ್ತಿಯಂತೆ ದಾಟಿಸುವವರು, ವರ್ಷಗಳಿಂದ ಲೆಕ್ಕ ಮಂಡಿಸದ ಸಮಿತಿಗಳು ಹೊರಗಿನಿಂದ ಬಂದವೇ?

2012ರ ಮಾರ್ಚಿನಲ್ಲಿ ಕರ್ನಾಟಕ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರು ಸರಕಾರಕ್ಕೆ ಸಲ್ಲಿಸಿದ ವರದಿ, ರಾಜ್ಯದ ಸುಮಾರು 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ ಅರ್ಧದಷ್ಟು ಪರರ ಪಾಲಾಗಿದೆಯೆಂದು ಆಪಾದಿಸಿತು. ಆ ವರದಿ ರಾಜಕೀಯ ವಿವಾದಕ್ಕೆ ಗುರಿಯಾಯಿತು. ಅದರ ಉದ್ದೇಶವನ್ನೂ ಅಂಕಿ-ಅಂಶಗಳನ್ನೂ ಪ್ರಶ್ನಿಸಿದವರಿದ್ದಾರೆ. ಪ್ರಶ್ನಿಸಲಿ. ಆದರೆ ಅದಕ್ಕೆ ಸರಿಯಾದ ಉತ್ತರ ಪ್ರತಿಭಟನೆಯ ಘೋಷಣೆಯಲ್ಲ, ಪ್ರತಿ ಊರಿನ ಆಸ್ತಿಯ ಪಟ್ಟಿ ಮತ್ತು ಪ್ರತಿ ರೂಪಾಯಿಯ ಲೆಕ್ಕ. ಅದನ್ನು ಜನರ ಮುಂದಿಟ್ಟ ಸಮಿತಿಗಳೆಷ್ಟು?

ಲೆಕ್ಕವಿಲ್ಲದವನ ಮಾತಿಗೆ ಬೆಲೆಯಿರುವುದಿಲ್ಲ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ವಕ್ಫ್ ಭೂಮಿಯ ಹೆಸರಿನಲ್ಲಿ ನೋಟಿಸು ಹೋದಾಗ ಉತ್ತರ ಕರ್ನಾಟಕವೆಲ್ಲ ಕಳವಳಗೊಂಡಿತು. ನವೆಂಬರಿನಲ್ಲಿ ಸರಕಾರ ಅವುಗಳನ್ನು ಹಿಂತೆಗೆದುಕೊಳ್ಳಲು ಆದೇಶಿಸಿತು. ಆ ವಾರಗಳಲ್ಲಿ ದ್ವೇಷದ ರಾಜಕೀಯ ಮಾಡಿದವರನ್ನು ನಾವು ಖಂಡಿಸುತ್ತೇವೆ. ಆದರೆ ಅಕ್ಕಪಕ್ಕದ ರೈತನ ಬಳಿ ಹೋಗಿ, ನಿಮ್ಮ ಹೊಲಕ್ಕೆ ಅನ್ಯಾಯವಾಗದು, ಇಗೋ ನಮ್ಮ ದಾಖಲೆ ಎಂದು ನಂಬಿಕೆಯಿಂದ ಹೇಳಬಲ್ಲ ನಾಯಕ ಪ್ರತಿ ತಾಲೂಕಿನಲ್ಲಿ ಒಬ್ಬನಿದ್ದಿದ್ದರೆ ಆ ಬೆಂಕಿ ಅಷ್ಟು ಹರಡುತ್ತಿತ್ತೇ? 2025ರ ಏಪ್ರಿಲಿನಲ್ಲಿ ವಕ್ಫ್ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಕೆಲವು ಕಲಮುಗಳಿಗೆ ಮಧ್ಯಂತರ ತಡೆ ನೀಡಿತು. ಕಾನೂನಿನ ಹೋರಾಟ ನಮ್ಮ ಹಕ್ಕು, ಅದು ನಡೆಯಲೇಬೇಕು. ಆದರೆ ಆಸ್ತಿಯನ್ನು ಕಾಪಾಡುವ ನೈತಿಕ ಬಲವನ್ನು ಯಾವ ನ್ಯಾಯಾಲಯವೂ ತೀರ್ಪಿನಲ್ಲಿ ಬರೆದು ಕೊಡುವುದಿಲ್ಲ.

ಮೂರು ನೆಪಗಳು

ಇಂಥ ಮಾತುಗಳನ್ನು ಆಡಿದಾಗ ಮೂರು ನೆಪಗಳು ಎದುರಾಗುತ್ತವೆ.

ಮೊದಲನೆಯ ನೆಪ: ಒಳ್ಳೆಯವನು ಕೈಲಾಗದವನಾಗಿದ್ದರೆ ಏನು ಪ್ರಯೋಜನ? ಇದರಲ್ಲಿ ಅರ್ಧ ಸತ್ಯವಿದೆ. ಅಬೂದರ್(ರ)ರವರ ಸತ್ಯನಿಷ್ಠೆಯನ್ನು ಯಾರೂ ಪ್ರಶ್ನಿಸಲಾರರು. ಆದರೂ ಅವರು ಹುದ್ದೆಯೊಂದನ್ನು ಕೇಳಿದಾಗ ಪ್ರವಾದಿ(ಸ)ರವರು, ಇದು ಅಮಾನತ್ತು, ಇದನ್ನು ಹೊರುವಲ್ಲಿ ನೀವು ದುರ್ಬಲರು ಎಂದು ನಿರಾಕರಿಸಿದರು. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ಕೇಳಿದಾಗ ಕಾಪಾಡುವ ಗುಣ ಮತ್ತು ಅರಿವು ಎರಡನ್ನೂ ತಮ್ಮ ಅರ್ಹತೆಯಾಗಿ ಮುಂದಿಟ್ಟರೆಂದು ಕುರ್‌ಆನ್ ತಿಳಿಸುತ್ತದೆ. ಆದ್ದರಿಂದ ಸಜ್ಜನಿಕೆಯೊಂದೇ ಸಾಕೆಂದು ನಾವು ಹೇಳುತ್ತಿಲ್ಲ. ಆದರೆ ಸಾಮರ್ಥ್ಯದ ಕೊರತೆಯನ್ನು ಸಲಹೆಗಾರರಿಂದ, ಕಲಿಕೆಯಿಂದ ತುಂಬಿಕೊಳ್ಳಬಹುದು. ಪ್ರಾಮಾಣಿಕತೆಯ ಕೊರತೆಯನ್ನು ಯಾವ ಸಲಹೆಗಾರ ತುಂಬಿಕೊಟ್ಟಾನು? ಸಾಮರ್ಥ್ಯವಿರುವ ಅಪ್ರಾಮಾಣಿಕನು ಅಸಮರ್ಥನಿಗಿಂತ ಹೆಚ್ಚು ಹಾನಿ ಮಾಡುತ್ತಾನೆ.

ಎರಡನೆಯ ನೆಪ: ನಮ್ಮವರ ತಪ್ಪನ್ನು ಬಯಲಿಗೆಳೆದರೆ ಸಮುದಾಯ ದುರ್ಬಲವಾಗುತ್ತದೆ. ಮಖ್‌ಝೂಮ್ ಎಂಬ ಪ್ರತಿಷ್ಠಿತ ಗೋತ್ರದ ಮಹಿಳೆಯೊಬ್ಬಳು ಕಳ್ಳತನ ಮಾಡಿ ಸಿಕ್ಕಿಬಿದ್ದಾಗಲೂ ಇಂಥದೇ ಶಿಫಾರಸು ಬಂದಿತ್ತು. ಪ್ರವಾದಿ(ಸ)ರವರು ಕೋಪಗೊಂಡರು. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ಮಾತ್ರ ಶಿಕ್ಷಿಸಿದ್ದರಿಂದಲೇ ಹಿಂದಿನ ಸಮುದಾಯಗಳು ನಾಶವಾದವೆಂದು ಎಚ್ಚರಿಸಿ, ತಮ್ಮ ಮಗಳೇ ಆಗಿದ್ದರೂ ಕಾನೂನು ಒಂದೇ ಎಂದರು. ಗಾಯವನ್ನು ಮುಚ್ಚಿಟ್ಟರೆ ಅದು ಕೊಳೆಯುತ್ತದೆ. ತಪ್ಪನ್ನು ಮುಚ್ಚಿಡುವುದು ಐಕ್ಯವಲ್ಲ, ಪಾಲುದಾರಿಕೆ.

ಮೂರನೆಯ ನೆಪ: ಎಲ್ಲರೂ ಹೀಗೆಯೇ ಇದ್ದಾರೆ, ಆದ್ದರಿಂದ ನಮ್ಮವನೇ ಇರಲಿ. ಇದು ಸುಳ್ಳು. ಎಲ್ಲರೂ ಹೀಗಿಲ್ಲ. ಜಕ್ಕಲಿಯ ದೊಡ್ಡಮೇಟಿಯವರು ನಮ್ಮ ಧರ್ಮದವರಲ್ಲ. ಕಣಗಿನಹಾಳದ ಪಾಟೀಲರೂ ಅಲ್ಲ. ಆದರೂ ನಾವು ಅವರ ಉದಾಹರಣೆಯಿಂದಲೇ ಮಾತನ್ನು ಆರಂಭಿಸಿದೆವು. ನ್ಯಾಯವಂತ ಎಲ್ಲಿದ್ದರೂ ನಮ್ಮವನೇ. ಅನ್ಯಾಯ ಮಾಡುವವನು ನಮ್ಮ ಹೆಸರನ್ನೇ ಇಟ್ಟುಕೊಂಡಿದ್ದರೂ ನಮ್ಮ ಪ್ರತಿನಿಧಿಯಲ್ಲ. ಅಮಾನತ್ತುಗಳನ್ನು ಅರ್ಹರಿಗೇ ಒಪ್ಪಿಸಬೇಕೆಂಬ ಕುರ್‌ಆನಿನ ಆಜ್ಞೆಯಲ್ಲಿ ಸಂಬಂಧಿಕರಿಗೆ ರಿಯಾಯಿತಿಯಿಲ್ಲ. ಮತವೂ ಒಂದು ಅಮಾನತ್ತು. ಅದನ್ನು ಐನೂರು ರೂಪಾಯಿಗೆ ಮಾರುವವನು ತನ್ನ ವಸ್ತುವನ್ನಷ್ಟೇ ಮಾರುತ್ತಿಲ್ಲ, ನೆರೆಮನೆಯ ಮಗುವಿನ ಶಾಲೆಯನ್ನೂ ತನ್ನ ಓಣಿಯ ನೀರನ್ನೂ ಮಾರುತ್ತಿದ್ದಾನೆ.

ಮಾಡಬೇಕಾದುದೇನು?

ಉಪದೇಶ ಇಷ್ಟಕ್ಕೇ ನಿಲ್ಲಬಾರದು. ನಮ್ಮ ಊರುಗಳಲ್ಲಿ ನಾಳೆಯೇ ಆರಂಭಿಸಬಹುದಾದ ಕೆಲಸಗಳಿವೆ.

ಪ್ರತಿ ಮಸೀದಿ, ದರ್ಗಾ, ಅಂಜುಮನ್ ಸಮಿತಿಯ ವಾರ್ಷಿಕ ಜಮಾ-ಖರ್ಚನ್ನು ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಅಂಟಿಸಬೇಕು. ಯಾವ ಮಳಿಗೆಗೆ ಎಷ್ಟು ಬಾಡಿಗೆ, ಯಾರು ಬಾಕಿದಾರರು ಎಂಬುದು ಅದರಲ್ಲಿರಬೇಕು. ವಕ್ಫ್ ಬಾಡಿಗೆ ಬಾಕಿ ಉಳಿಸಿಕೊಂಡವನನ್ನು ಸಮಿತಿಯ ಯಾವ ಹುದ್ದೆಗೂ ಆರಿಸಬಾರದು. ಸಮಿತಿಯ ಹುದ್ದೆಗಳಿಗೆ ಅವಧಿ ನಿಗದಿಯಾಗಬೇಕು. ಅವಧಿ ಮುಗಿದ ದಿನ ಚಾವಿಯನ್ನೂ ಪುಸ್ತಕವನ್ನೂ ಹಸ್ತಾಂತರಿಸಬೇಕು.

ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳ ಅಭ್ಯರ್ಥಿಗಳು ತಮ್ಮ ಮೇಲಿರುವ ಅಪರಾಧ ಪ್ರಕರಣ, ಆಸ್ತಿ, ಸಾಲ ಮತ್ತು ವಿದ್ಯಾಭ್ಯಾಸದ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2002 ಮತ್ತು 2003ರ ತೀರ್ಪುಗಳಲ್ಲಿ ಕಡ್ಡಾಯಗೊಳಿಸಿತು. ಆ ದಾಖಲೆ ಈಗ ಯಾರಿಗೂ ಲಭ್ಯ. ಆದರೂ ಅದನ್ನು ಓದುವವರು ಎಷ್ಟು ಮಂದಿ? ಹಝ್ರತ್ ಉಮರ್(ರ) ತಮ್ಮ ಅಧಿಕಾರಿಗಳನ್ನು ನೇಮಿಸುವಾಗ ಅವರ ಆಸ್ತಿಯನ್ನು ಬರೆದಿಟ್ಟುಕೊಂಡು, ಬಳಿಕ ಅದು ಅನುಮಾನಾಸ್ಪದವಾಗಿ ಬೆಳೆದರೆ ವಶಪಡಿಸಿಕೊಳ್ಳುತ್ತಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ. ಇಂದು ಆ ಅಧಿಕಾರದ ಒಂದು ಪಾಲು ಮತದಾರನ ಕೈಯಲ್ಲಿದೆ. ಹಳೆಯ ಮತ್ತು ಹೊಸ ಪ್ರಮಾಣಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಪದವಿ ಬೇಕಾಗಿಲ್ಲ, ಹತ್ತನೇ ತರಗತಿಯ ಹುಡುಗಿಯೂ ಓದಿ ಹೇಳಬಲ್ಲಳು. ಮನೆಯ ಹಿರಿಯರು ಅವಳಿಂದ ಓದಿಸಿ ಕೇಳಲಿ. ಗಂಡಸರು ಹೇಳಿದ ಗುರುತಿಗೆ ಮತ ಹಾಕುವ ರೂಢಿಯಿರುವ ಮನೆಗಳಲ್ಲಿ ಹೆಂಗಸರೂ ತಮ್ಮ ಅಭಿಪ್ರಾಯ ಹೇಳಲಿ. ಯಾರು ಮಾತಿಗೆ ನಿಲ್ಲುವವರು, ಯಾರ ಮನೆಯಲ್ಲಿ ಕೆಲಸದವರಿಗೆ ಸಂಬಳ ಸರಿಯಾಗಿ ಸಿಗುತ್ತದೆ ಎಂಬುದು ಗಂಡಸರಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಕೊನೆಯದಾಗಿ, ನಾಯಕನಿಂದ ನಾವು ಏನನ್ನು ಕೇಳುತ್ತೇವೆಂಬುದನ್ನೂ ಪರಿಶೀಲಿಸಬೇಕು. ಸರತಿ ತಪ್ಪಿಸಿ ಕೆಲಸ ಮಾಡಿಸಿಕೊಡೆಂದು, ಅನರ್ಹನಾದ ಅಳಿಯನಿಗೆ ನೌಕರಿ ಕೊಡಿಸೆಂದು, ಪೊಲೀಸ್ ಠಾಣೆಯಿಂದ ತಪ್ಪಿತಸ್ಥನನ್ನು ಬಿಡಿಸೆಂದು ಬಾಗಿಲಿಗೆ ಹೋಗುವವರೇ ಪ್ರಾಮಾಣಿಕ ನಾಯಕನನ್ನು ಹುಡುಕುವುದು ಹೇಗೆ? ಬೇವು ಬಿತ್ತಿ ಮಾವು ಬೆಳೆಯಲಾರದು. ಝಕಾತ್ ಸಂಗ್ರಹಕ್ಕೆ ಹೋದ ಅಧಿಕಾರಿಯೊಬ್ಬ ಒಂದು ಪಾಲನ್ನು ತೋರಿಸಿ, ಇದು ನನಗೆ ಬಂದ ಉಡುಗೊರೆ ಎಂದಾಗ, ಮನೆಯಲ್ಲಿಯೇ ಕುಳಿತಿದ್ದರೆ ಅದು ಅವನಿಗೆ ಬರುತ್ತಿತ್ತೇ ಎಂದು ಪ್ರವಾದಿ(ಸ)ರವರು ಪ್ರಶ್ನಿಸಿದ್ದರು. ಈ ಪ್ರಶ್ನೆಯನ್ನು ಉಡುಗೊರೆ ಪಡೆಯುವವನು ಮಾತ್ರವಲ್ಲ, ಕೊಡುವವನೂ ಕೇಳಿಕೊಳ್ಳಬೇಕು.

ಗ್ರಾಮೀಣ ಸಹಕಾರ ಸಂಘದ ಸದಸ್ಯರು ಪರಸ್ಪರರಿಗೆ ಮಿತಿಯಿಲ್ಲದ ಜಾಮೀನಾಗಿದ್ದರು. ನಾವು ಆರಿಸಿದ ನಾಯಕನಿಗೂ ನಾವು ಹಾಗೆಯೇ ಜಾಮೀನು. ಅವನು ತಪ್ಪಿದರೆ ವಸೂಲಿ ನಮ್ಮ ಮಕ್ಕಳ ಶಾಲೆಯಿಂದ, ನಮ್ಮ ಹೊಲದ ಕಾಲುವೆಯಿಂದ, ನಮ್ಮ ಮಸೀದಿಯ ಮಳಿಗೆಯಿಂದ ಆಗುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಮನುಷ್ಯನನ್ನು ನೋಡಬೇಕು. ನೋಡದೆ ಹಾಕಿದ ಸಹಿಗೆ ಇಲ್ಲಿಯೂ ಲೆಕ್ಕ ಕೊಡಬೇಕು, ಅಲ್ಲಾಹನ ಮುಂದೆಯೂ ಕೊಡಬೇಕು.